ದೇವರ ಅಂಬಿಗೆ ಸಾಣೆ

ನಂಬಬೇಡಿ. ನನ್ನ ಮಾತು ನಂಬಿ ಕೆಟ್ಟವರು ನಮ್ಮ ಹೊಳೆನರಸೀಪುರದಲ್ಲಿ ಬೇಕಾದಷ್ಟು ಜನ ಇದ್ದಾರೆ, ನೀವೂ ಆ ಸಾಲಿಗೆ ಸೇರುವುದು ಬೇಡ. ಆದರೂ ಹೇಳಿಬಿಡುತ್ತೇನೆ. ಒಂದು ಬಿದಿರಿನ ಬಿಲ್ಲು, ಬೆರಳುದ್ದದ ಒಂದು ಕಬ್ಬಿಣದ ಅಲಗು, ಒಂದಿಷ್ಟು ವಿಭೂತಿ, ಇಷ್ಟರಲ್ಲೇ ನಾನು ಒಬ್ಬ ಮನುಷ್ಯನ ಮಾನ ಉಳಿಸಿದ್ದೇನೆ. ಅದೂ ಅವನ ಎದುರಾಳಿಯ ಕೈಯಿಂದಲೇ ಕೆಲಸ ಮಾಡಿಸಿ. ಇಲ್ಲ, ಇದೆಲ್ಲ ಬುರುಡೆ ಎಂದು ಈಗಲೇ ನಿಮಗೆ ಅನಿಸಿರಬೇಕು. ಒಳ್ಳೆಯದು. ಎಷ್ಟು ದೂರ ನಂಬದೆ ಓದುತ್ತೀರೋ ನೋಡೇಬಿಡೋಣ.

ಪೇಟೆ ಬೀದಿಯಲ್ಲಿ ನನ್ನದೊಂದು ಕಬ್ಬಿಣದ ಅಂಗಡಿ. ಈಗ ಗಲ್ಲಾದ ಮುಂದೆ ಮಗ ಕೂರುತ್ತಾನೆ. ನಾನು ಹೊರಗಿನ ಕಟ್ಟೆಯ ಮೇಲೆ ಮರದ ದಿಮ್ಮಿ ಇಟ್ಟುಕೊಂಡು ಜನ ತರುವ ಮಚ್ಚು, ಕುಡುಗೋಲು, ಚಾಕುಗಳಿಗೆ ಹರಿತ ಹಿಡಿಯುತ್ತೇನೆ. ಸುಮ್ಮನೆ ಕೂತರೆ ನನ್ನ ಬಾಯಿ ಜಾಸ್ತಿಯಾಗುತ್ತದೆಂದು ಮನೆಯಾಕೆ ಹಚ್ಚಿದ ಕೆಲಸ ಇದು. ಕೆಲಸ ಬಂತು, ಬಾಯಿಯೂ ಉಳಿಯಿತು. ಕಟ್ಟೆಯ ಮೆಟ್ಟಿಲಿಗೆ ಒಂದು ರೂಪಾಯಿಯ ನಾಣ್ಯವನ್ನು ಮೊಳೆಗೆ ಬೆಸೆದು ಹೊಡೆದಿಟ್ಟಿದ್ದೇನೆ. ಯಾರಾದರೂ ಅದನ್ನು ಎತ್ತಲು ಬಗ್ಗಿದಾಗ, "ಏನ್ ಸಾ, ನಮ್ ಮೆಟ್ಲಿಗೂ ನಮಸ್ಕಾರ ಮಾಡೋ ಅಭ್ಯಾಸ ಮಾಡ್ಕಂಡ್ರಾ?" ಎಂದು ಕೇಳದಿದ್ದರೆ ನನಗೆ ಬೆಳಗಿನ ಕಾಫಿ ಇಳಿಯುವುದಿಲ್ಲ.

ಹರಿತದ ವಿಚಾರದಲ್ಲಿ ಮಾತ್ರ ನಾನು ತಮಾಷೆ ಮಾಡುವವನಲ್ಲ. ಹಾಸನದ ಮದುವೆ ಅಡಿಗೆಯವರು ಚಾಕುಗಳನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನ ಕಂಡಕ್ಟರ್ ಕೈಲಿ ಕೊಟ್ಟು ಕಳಿಸುತ್ತಾರೆ. ನನ್ನ ಎಡ ಮುಂಗೈ ನೋಡಿ, ಒಂದು ಕೂದಲಿಲ್ಲ. ಹುಟ್ಟಿದಾಗಿನಿಂದ ಹಾಗಲ್ಲ. ಹರಿತ ಹಿಡಿದ ಪ್ರತಿ ಅಲಗನ್ನೂ ಅಲ್ಲೇ ಆಡಿಸಿ ನೋಡುವುದು. ಕೂದಲು ತಾನಾಗಿ ಎದ್ದು ಹೋಗಬೇಕು, ಚರ್ಮಕ್ಕೆ ಸುದ್ದಿಯೇ ಗೊತ್ತಾಗಬಾರದು. ಎಡಗೈ ಬೋಳಾದ ಮೇಲೆ ಬಲಗೈ ಶುರು ಮಾಡಿದ್ದೆ. ಆಮೇಲೆ ಕೆಲವು ಗಿರಾಕಿಗಳ ಕೈಗಳನ್ನೂ ಬಳಸಿಕೊಂಡೆ. ಅವರಿಗೆ ಮೊದಲೇ ಹೇಳಿರಲಿಲ್ಲ.

ನನ್ನ ಹೆಂಡತಿಯ ತವರು ಅರಕಲಗೂಡಿನ ಕಡೆ. ಆ ಊರಿನಲ್ಲಿ ವಿಜಯದಶಮಿಯ ಸಂಜೆ ಅಂಬು ಹೊಡೆಯುವ ಪದ್ಧತಿ ಇದೆ. ಶಿವ ಬೇಟೆಗೆ ಹೊರಟ ಎಂಬ ಲೆಕ್ಕ. ಆದರೆ ಬೇಟೆಯ ಪ್ರಾಣಿ ಇಲ್ಲ. ಬನ್ನಿ ಮರದ ಪಕ್ಕದಲ್ಲಿ ಒಂದು ಬಾಳೆ ಕಂಬ ನೆಡುತ್ತಾರೆ, ಅದೇ ಬೇಟೆ. ಹತ್ತು ಮಾರು ದೂರದಿಂದ ಬಿಲ್ಲು ಎಳೆದು ಒಂದೇ ಅಂಬು ಬಿಡಬೇಕು. ಅಲಗು ಬಾಳೆ ಕಂಬದ ಆಚೆ ಕಡೆಯಿಂದ ಮೂಗು ತೋರಿಸಿದರೆ ಬೇಟೆಯಾಯಿತು, ಊರಿಗೆ ಒಳ್ಳೆಯದಾಯಿತು. ಆ ಅಂಬು ಹೊಡೆಯುವ ಹಕ್ಕು ನನ್ನ ಮಾವನವರ ಮನೆಯದು. ಮಾವ ಇದ್ದಷ್ಟು ಕಾಲ ಅವರೇ ಹೊಡೆದರು. ಅವರ ರಟ್ಟೆ ಹೇಗಿತ್ತೆಂದರೆ, ಬಿಲ್ಲಿಗೆ ಅಂಬಿನ ಬದಲು ಒನಕೆ ಹೂಡಿದ್ದರೂ ಬಾಳೆ ಕಂಬ ತೂತಾಗುತ್ತಿತ್ತು. ಅಲಗು ಹರಿತವಾಗಿದೆಯೋ ಮೊಂಡಾಗಿದೆಯೋ ಎಂದು ಅವರು ಒಂದು ದಿನವೂ ನೋಡಿದವರಲ್ಲ.

ಅವರು ತೀರಿಕೊಂಡ ಮೇಲೆ ಹಕ್ಕು ಮಗನಿಗೆ ಬಂತು, ಎಂದರೆ ನನ್ನ ಭಾವಮೈದನಿಗೆ. ಗೊರೂರಿನಲ್ಲಿ ನೀರಾವರಿ ಇಲಾಖೆಯ ಕ್ವಾರ್ಟರ್ಸ್‌ನಲ್ಲಿದ್ದಾನೆ. ಕಾಲುವೆಯ ತೂಬು ಎತ್ತುವ, ಇಳಿಸುವ ಕೆಲಸ. ಸಣ್ಣ ಆಳು, ದಪ್ಪ ಕನ್ನಡಕ, ಮಾತು ಎಷ್ಟು ಮೆಲ್ಲಗೆ ಎಂದರೆ ಬಸ್ಸಿನಲ್ಲಿ ಅವನು ಹೇಳಿದ ಸ್ಟಾಪ್ ಕಂಡಕ್ಟರಿಗೆ ಕೇಳದೆ ಎಷ್ಟೋ ಸಲ ಮುಂದಿನ ಊರಿನಲ್ಲಿ ಇಳಿದು ವಾಪಸು ನಡೆದು ಬಂದಿದ್ದಾನೆ. ಮದುವೆ ಮನೆಯಲ್ಲಿ ಅವನನ್ನು ಯಾರೂ ಮುಂದಿನ ಪಂಕ್ತಿಗೆ ಕರೆಯುವುದಿಲ್ಲ. ವರ್ಷಕ್ಕೆ ಒಂದು ಸಂಜೆ, ತಲೆಗೆ ಜರಿಪೇಟ ಕಟ್ಟಿ ಬಿಲ್ಲು ಹಿಡಿದಾಗ ಮಾತ್ರ ಇಡೀ ಊರು ಅವನ ಕಡೆ ನೋಡುತ್ತದೆ.

ಹೋದ ವರ್ಷ ಅವನ ಮೊದಲ ಅಂಬು. ಅಲಗಿಗೆ ಹರಿತ ಹಿಡಿದವನು ನಾನು. ಅಪ್ಪನ ರಟ್ಟೆ ಇವನಿಗಿಲ್ಲ, ಅದರ ಬದಲು ನನ್ನ ಹರಿತ ಇರಲಿ ಎಂದು ನಾನೇ ಮೇಲೆ ಬಿದ್ದು ವಹಿಸಿಕೊಂಡಿದ್ದೆ. ಊರೆಲ್ಲ ಕೇಳುವ ಹಾಗೆ ಹೇಳಿಕೊಂಡೂ ಬಂದಿದ್ದೆ, "ಈ ಅಂಬು ಬಾಳೆ ಕಂಬ ಮುಟ್ಟೋದೇ ಬ್ಯಾಡ ಕಣ್ರಪ್ಪ, ಬತ್ತಾ ಐತೆ ಅಂತ ಗೊತ್ತಾದ್ರೆ ಸಾಕು, ಕಂಬ ತಾನೇ ಬಾಯಿ ಬಿಡ್ತದೆ."

ಕಂಬ ಬಾಯಿ ಬಿಡಲಿಲ್ಲ. ಅಂಬು ಹೋಗಿ ಸರಿಯಾಗಿ ನಡುವಿಗೇ ಬಿತ್ತು, ಎರಡು ಪದರ ಸೀಳಿ ಅಷ್ಟಕ್ಕೇ ನಿಂತು, ಜೋತು ಬಿದ್ದು, ಕೊನೆಗೆ ಮೆಲ್ಲಗೆ ನೆಲಕ್ಕೆ ಬಿದ್ದುಹೋಯಿತು. ಜನ ಕತ್ತು ಚಾಚಿ ನೋಡಿದರು. ಆಮೇಲೆ ಯಾರೋ ಕೆಮ್ಮಿದರು. ಕೆಮ್ಮಿದ್ದು ಯಾರೆಂದು ನನಗೆ ಚೆನ್ನಾಗಿ ಗೊತ್ತು. ಭಾವಮೈದನ ದೊಡ್ಡಪ್ಪನ ಮಗ. ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ಭಾರಿ ಆಸಾಮಿ. ಅವನನ್ನು ನಾನು ಕೊಬ್ಬರಿ ಎಂದೇ ಕರೆಯುವುದು.

"ಬಾವ, ನಿಮ್ ಹರಿತ ಎಲ್ಲಾ ನಾಲ್ಗೇಲೇ ಉಳ್ಕಂಬುಡ್ತಾ?" ಎಂದ ಅವನು, ಎಲ್ಲರ ಎದುರಿಗೇ.

"ಬಿಲ್ಲು ತೇವ ಕುಡ್ದದೆ ಕಣೋ, ಅದಕ್ಕೆ ಅಲಗೇನ್ ಮಾಡ್ತದೆ," ಎಂದೆ. ಬಿಲ್ಲು ಅಷ್ಟು ಹೊತ್ತೂ ಬಿಸಿಲಿನಲ್ಲಿತ್ತು.

ಆ ಸಂಜೆಯೇ ಊರಿನ ಯಜಮಾನರು ಕಟ್ಟೆಯ ಮೇಲೆ ಕೂತು ಮಾತು ಮುಗಿಸಿದರು. "ಒಂದ್ ಸಲ ಆಗ್ತದೆ, ಬುಡಿ. ಮುಂದ್ಲ ವರ್ಸಾನೂ ಇಂಗೇ ಆದ್ರೆ ಬಿಲ್ಲು ದೊಡ್ಡೋನ ಮನೆ ಕಡೀಕೆ ಓಗ್ಲಿ. ರಟ್ಟೆ ಇದ್ದೋರು ಹೊಡೀಲಿ." ದೊಡ್ಡವನ ಮನೆ ಎಂದರೆ ಕೊಬ್ಬರಿಯ ಮನೆ. ಭಾವಮೈದ ತಲೆಯ ಪೇಟ ಬಿಚ್ಚಿ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ. ಏನಾದರೂ ಹೇಳಿದ್ದರೂ ಯಾರಿಗೂ ಕೇಳುತ್ತಿರಲಿಲ್ಲ.

ಈ ವರ್ಷ ಮಹಾಲಯ ಅಮಾವಾಸ್ಯೆ ಕಳೆಯುತ್ತಿದ್ದ ಹಾಗೆಯೇ ಅವನು ಅಂಬನ್ನು ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ಹೊಳೆನರಸೀಪುರಕ್ಕೆ ಬಂದ. ಬಂದವನೇ ನನ್ನ ದಿಮ್ಮಿಯ ಮುಂದೆ ಕೂತು, "ಬಾವ, ಬ್ಯಾರೆ ಯಾರ ತಾವಾದ್ರೂ ಸಾಣೆ ಹಿಡಿಸ್ಲಾ ಅಂತ ಕೇಳೋಕ್ ಬಂದೆ," ಎಂದ.

"ಕೇಳೋಕ್ ಬಂದ್ಯಾ, ಇಲ್ಲಾ ಮೂಗ್ ಕುಯ್ಯೋಕ್ ಬಂದ್ಯಾ?"

"ಅಂಗಲ್ಲ ಬಾವ. ಬಿಲ್ಲು ಓದ್ರೆ..." ಎಂದ. ಕನ್ನಡಕ ತೆಗೆದು ಒರೆಸಿಕೊಂಡ. "ನಮ್ಮಪ್ಪ ಸಾಯೋ ಮುಂಚೆ ಪೇಟ ನನ್ ಕೈಗೇ ಕೊಟ್ಟಿದ್ದು. ಅಣ್ಣಯ್ಯ ಅದ ಕಟ್ಕಂಡ್ ನಿಂತಿರೋದ ನಾನು ನೋಡ್ಕಂಡು ಊರಲ್ಲಿ ನಿಂತ್ಕಬೇಕಾ? ನಾನ್ ಆ ಊರ್ಗೆ ಇನ್ನೊಂದ್ ಸಲ ಓಗಲ್ಲ."

ಅವನು ಬಾಯಲ್ಲಿ ಹೇಳುವ ಪೈಕಿಯಲ್ಲ, ಮಾಡುವ ಪೈಕಿ. ನನಗೆ ತಮಾಷೆ ಬರಲಿಲ್ಲ. ಇದು ನನ್ನ ಬದುಕಿನಲ್ಲಿ ಅಪರೂಪ.

ಅಂಬಿನ ಅಲಗಿಗೆ ಹರಿತ ಹಿಡಿಯುವುದು ಮಚ್ಚು ಮಸೆದ ಹಾಗಲ್ಲ. ಎಲೆಯ ಆಕಾರ, ಎರಡು ಕಡೆ ಅಂಚು, ನಡುವೆ ಒಂದು ಏಣು. ದಿಮ್ಮಿಯಲ್ಲಿ ಅಲಗು ಕೂರುವಷ್ಟು ಒಂದು ಕಚ್ಚು ತೋಡಿದ್ದೇನೆ. ಅಲಗನ್ನು ಅದರಲ್ಲಿ ಒತ್ತಿ ಹಿಡಿದು, ಕಬ್ಬಿಣ ತೇಯುವ ಅರವನ್ನು ಬುಡದಿಂದ ತುದಿಗೆ ಎಳೆಯಬೇಕು. ಎಳೆಯುವುದು ಮಾತ್ರ, ಹಿಂದಕ್ಕೆ ಉಜ್ಜುವ ಹಾಗಿಲ್ಲ. ಒಂದು ಕಡೆ ಎಷ್ಟು ಸಲ ಎಳೆದೆವೋ ಇನ್ನೊಂದು ಕಡೆಯೂ ಅಷ್ಟೇ. ಹೆಚ್ಚುಕಡಿಮೆಯಾದರೆ ಹಾರುವ ಅಂಬು ಕುಡುಕನ ಸೈಕಲ್ಲಿನ ಹಾಗೆ ಪಕ್ಕಕ್ಕೆ ವಾಲುತ್ತದೆ. ಅರ ಮುಗಿದ ಮೇಲೆ ಕಲ್ಲು, ಕಲ್ಲಿಗೆ ಎರಡು ಹನಿ ಎಣ್ಣೆ. ಆಗ ಅಂಚಿನಲ್ಲಿ ಕಣ್ಣಿಗೆ ಕಾಣದ ಒಂದು ಎಳೆ ಮಡಚಿಕೊಂಡು ನಿಲ್ಲುತ್ತದೆ. ಬೆರಳಿಗೆ ಗೊತ್ತಾಗುತ್ತದೆ. ಅದನ್ನು ಹಳೆಯ ಬೆಲ್ಟಿನ ಚರ್ಮದ ಮೇಲೆ ಎಳೆದು ಬೀಳಿಸಬೇಕು. ತುದಿಯನ್ನು ಮಾತ್ರ ಸೂಜಿ ಮಾಡಬಾರದು. ಸೂಜಿಯಾದ ತುದಿ ಬಡಿದ ಕೂಡಲೇ ಸೊಟ್ಟಗಾಗುತ್ತದೆ. ಅಕ್ಕಿಕಾಳಿನ ಮೂತಿಯ ಹಾಗೆ ಒಂದಿಷ್ಟು ದಪ್ಪ ಬಿಡಬೇಕು. ದಾರಿ ಬಿಡಿಸುವುದು ತುದಿಯಲ್ಲ, ಎರಡು ಪಕ್ಕದ ಅಂಚು. ಇಷ್ಟು ಗೊತ್ತಿರುವವನು ಈ ಜಿಲ್ಲೆಯಲ್ಲಿ ಇನ್ನೊಬ್ಬನಿದ್ದರೆ ಬರಲಿ, ನನ್ನ ದಿಮ್ಮಿ ಅವನಿಗೇ ಕೊಡುತ್ತೇನೆ. ಬಂದರೆ ದಿಮ್ಮಿ ಕಳೆದುಹೋಗಿದೆ ಎನ್ನುತ್ತೇನೆ.

ಹೋದ ವರ್ಷವೂ ಇದನ್ನೆಲ್ಲ ಇದೇ ರೀತಿ ಮಾಡಿದ್ದೆ. ಮುಂಗೈ ಕೂದಲು ತೆಗೆದಿತ್ತು. ಹಾಗಿದ್ದರೆ ಬಾಳೆ ಕಂಬದಂಥ ಮೆತ್ತನೆಯ ಪದಾರ್ಥದಲ್ಲಿ ಅದು ಯಾಕೆ ನಿಂತಿತು? ವರ್ಷವಿಡೀ ಊರಿನವರ ಮುಂದೆ ಬಿಲ್ಲನ್ನು ಬೈಯುತ್ತಿದ್ದೆ, ಒಳಗೆ ಮಾತ್ರ ತಲೆ ಕೆರೆದುಕೊಳ್ಳುತ್ತಿದ್ದೆ.

ಉತ್ತರ ಸಿಕ್ಕಿದ್ದು ಅಡಿಗೆಮನೆಯಲ್ಲಿ. ಭಾವಮೈದನಿಗೆ ಚಿತ್ರಾನ್ನ ಮಾಡಲು ಹೊರಟ ಮನೆಯಾಕೆ ಈಳಿಗೆಮಣೆಯ ಮುಂದೆ ಕೂತು ಕೂಗಿದಳು.

"ರೀ, ರಾತ್ರಿ ಈಳ್ಗೇಲಿ ನಿಂಬೆಅಣ್ಣು ಕುಯ್ದೋರು ಯಾರು?"

"ದೇವರು," ಎಂದೆ. ಕುಡಿಯುವ ನೀರಿಗೆ ಹಿಂಡಿಕೊಳ್ಳಲು ನಾನೇ ಕೊಯ್ದಿದ್ದೆ.

"ದೇವ್ರಿಗೆ ತೊಳ್ದು ಇಡೋಕ್ ಬರಲ್ವಾ? ನೋಡಿಲ್ಲಿ, ಬಾಯೆಲ್ಲಾ ಕಪ್ಪಾಗಿ ಮೊಂಡು ಬಿದ್ದದೆ. ನಿಂಬೆಅಣ್ಣಿನ ಹುಳಿ ಈಳ್ಗೆ ಬಾಯಿ ತಿಂತದೆ ಅಂತ ಎಷ್ಟ್ ಸಲ ಬಡ್ಕಂಡಿಲ್ಲ. ಕಬ್ಣದಂಗ್ಡಿ ಇಟ್ಕಂಡಿರೋರಂತೆ!"

ನಾನು ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ನಿಂಬೆಹಣ್ಣು! ಆ ಊರಿನಲ್ಲಿ ಆಯುಧಪೂಜೆಯ ದಿನ ಬಿಲ್ಲು, ಅಂಬು, ಕತ್ತಿಗಳನ್ನೆಲ್ಲ ಗುಡಿಯಲ್ಲಿಟ್ಟು ಪೂಜೆ ಮಾಡುತ್ತಾರೆ. ಅಂಬಿನ ಅಲಗಿಗೆ ಒಂದು ನಿಂಬೆಹಣ್ಣು ಚುಚ್ಚುತ್ತಾರೆ. ಅದು ಮಾರನೆಯ ಸಂಜೆ ಬನ್ನಿ ಮರದ ಹತ್ತಿರ ಹೋಗುವವರೆಗೂ ಹಾಗೆಯೇ ಚುಚ್ಚಿಕೊಂಡಿರಬೇಕು. ಒಂದು ಹಗಲು, ಒಂದು ರಾತ್ರಿ ನನ್ನ ಅಲಗು ಹುಳಿಯೊಳಗೆ ಕೂತಿತ್ತು. ಮಾವನವರ ಕಾಲದಲ್ಲೂ ಕೂರುತ್ತಿತ್ತು, ಆದರೆ ಅವರ ಅಲಗಿಗೆ ಇದ್ದದ್ದೇ ಮೊಂಡು ಬಾಯಿ, ತಿನ್ನಲು ಅಲ್ಲಿ ಏನಿತ್ತು? ನಾನು ಹಿಡಿದ ಹರಿತ ತೆಳು. ಹುಳಿಗೆ ಹಬ್ಬದೂಟ. ಬೇರೆ ಯಾವನಾದರೂ ಹರಿತ ಹಿಡಿದಿದ್ದರೆ ಇಷ್ಟು ಹಾಳಾಗುತ್ತಿರಲಿಲ್ಲ. ಅಷ್ಟು ಚೆನ್ನಾಗಿ ಹಿಡಿದಿದ್ದೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ.

ನಿಂಬೆಹಣ್ಣು ಬಿಟ್ಟುಬಿಡಿ ಎಂದು ಹೇಳಿಸಿ ನೋಡಿದೆ. ಭಾವಮೈದ ಊರಿಗೆ ಫೋನು ಮಾಡಿ, ಗುಡಿಯ ಪೂಜೆ ಮಾಡುವ ಅಯ್ಯನವರನ್ನು ಮೆಲ್ಲಗೆ ಕೇಳಿದ. ಫೋನಿನಿಂದ ಬಂದ ಉತ್ತರ ನಮ್ಮ ಕಟ್ಟೆಯವರೆಗೂ ಕೇಳಿಸಿತು. "ನಿಂಬೆಅಣ್ಣಿಲ್ದೆ ಆಯ್ದಪೂಜೆನಾ? ನಿಮ್ಮಪ್ಪ ಇದ್ದಿದ್ರೆ ಇಂಗೆ ಕೇಳ್ತಿದ್ನಾ?" ಇನ್ನು ಪೂಜೆಯಾದ ಮೇಲೆ ಇನ್ನೊಂದು ಸಲ ಮಸೆಯೋಣವೆಂದರೆ ಅದೂ ಆಗದು. ಪೂಜೆಗೆ ಕೂತ ಅಲಗಿಗೆ ಅಂಬು ಬಿಡುವವರೆಗೆ ಕಲ್ಲಾಗಲಿ ಅರವಾಗಲಿ ಸೋಕಬಾರದು. ಸೋಕೀತೆಂದು ಕಾಯಲು ಕೊಬ್ಬರಿ ಗುಡಿಯಲ್ಲೇ ಚಾಪೆ ಹಾಸಿ ಕೂರುತ್ತಾನೆ.

ಹಾಗಾದರೆ ಹುಳಿಯೊಳಗೆ ಕೂತೂ ಕೆಡದ ಹಾಗೆ ಅಲಗಿಗೆ ಏನಾದರೂ ಹೊದಿಸಬೇಕು. ಅಂಬನ್ನು ನನ್ನ ಹತ್ತಿರವೇ ಇಟ್ಟುಕೊಂಡು, ಭಾವಮೈದನನ್ನು ಗೊರೂರಿನ ಬಸ್ಸು ಹತ್ತಿಸಿ ಬಂದವನೇ, ಅಂಗಡಿಯ ಹೊಸ ಮಚ್ಚುಗಳನ್ನು ತೆಗೆದು ಸಾಲಾಗಿ ಕಟ್ಟೆಯ ಮೇಲೆ ಜೋಡಿಸಿದೆ. ಒಂದಕ್ಕೆ ಹರಳೆಣ್ಣೆ, ಒಂದಕ್ಕೆ ತುಪ್ಪ, ಒಂದಕ್ಕೆ ಜೇನುಮೇಣ ಸವರಿದೆ. ಪ್ರತಿಯೊಂದರ ತುದಿಗೂ ಒಂದೊಂದು ನಿಂಬೆಹಣ್ಣು ಚುಚ್ಚಿದೆ. ಮಚ್ಚು ಕೊಳ್ಳಲು ಬಂದ ಒಬ್ಬ ಗಿರಾಕಿ ಅದನ್ನು ನೋಡಿ ಮೆಟ್ಟಿಲ ಮೇಲೆಯೇ ನಿಂತ.

"ಇದೇನ್ ಯಜಮಾನ್ರೆ, ಮಾಟಾನಾ?"

"ಊಂ ಕಣಪ್ಪ. ಚೌಕಾಸಿ ಮಾಡೋ ಗಿರಾಕಿಗಳ್ಗೆ."

ಅವನು ಹಿಂದಕ್ಕೇ ಹೋದ. ಮಗ ಒಳಗಿನಿಂದ, "ಅಪ್ಪಾ, ಅಂಗ್ಡಿ ಮುಚ್ಸೋ ಉಪಾಯ ಇದ್ರೆ ನೇರವಾಗಿ ಏಳ್ಬುಡು," ಎಂದು ಕೂಗಿದ.

ಬೆಳಿಗ್ಗೆ ನೋಡಿದರೆ ಮೂರೂ ಸೋತಿದ್ದವು. ಹಣ್ಣು ಚುಚ್ಚುವಾಗಲೇ ಸಿಪ್ಪೆ ಎಣ್ಣೆ, ತುಪ್ಪವನ್ನು ಒರೆಸಿಕೊಂಡುಬಿಡುತ್ತದೆ. ಮೇಣವೂ ಅಂಚಿನಲ್ಲೇ ಎದ್ದುಹೋಗಿತ್ತು. ನಾನು ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟುಕೊಳ್ಳುತ್ತಾ ಅದನ್ನೇ ಯೋಚಿಸುತ್ತಿದ್ದೆ. ಸ್ನಾನವಾದ ಮೇಲೂ ಒಂದು ಹಣ್ಣು ಕಿತ್ತು ನೋಡಿ ಬಂದಿದ್ದರಿಂದ ಕೈ ನಿಂಬೆಯ ರಸದಿಂದ ಅಂಟಂಟಾಗಿತ್ತು. ವಿಭೂತಿಯ ಗಟ್ಟಿ ಹಿಡಿದ ಕೂಡಲೇ ಬೆರಳ ಸಂದಿಯಲ್ಲಿ ಸುಯ್ ಎಂದು ಸಣ್ಣ ನೊರೆ ಎದ್ದಿತು. ಅಯ್ಯೋ ಶಿವನೇ ಎಂದೆ, ಭಕ್ತಿಯಿಂದಲ್ಲ. ವಿಭೂತಿ ಹುಳಿಯನ್ನು ಕೊಲ್ಲುತ್ತದೆ!

ಓಡಿಹೋಗಿ ಒಂದು ಮಚ್ಚಿನ ಬಾಯಿಗೆ ವಿಭೂತಿಯನ್ನು ನೀರಿನಲ್ಲಿ ಕಲಸಿ ಗೋಡೆಗೆ ಗಾರೆ ಮೆತ್ತಿದ ಹಾಗೆ ದಪ್ಪಗೆ ಮೆತ್ತಿ, ಒಣಗಿಸಿ, ನಿಂಬೆಹಣ್ಣು ಚುಚ್ಚಿ ಇಟ್ಟೆ. ಒಳಗೆ ಬುಸಬುಸ ಸದ್ದು. ಮಾರನೆಯ ದಿನ ತೊಳೆದು ನೋಡಿದರೆ ಅಂಚು ಹಾಗೆಯೇ ಇತ್ತು. ಬಲಗೈಯಲ್ಲಿ ಉಳಿದಿದ್ದ ನಾಲ್ಕು ಕೂದಲೂ ಹೋದವು. ಆದರೆ ತೆಳ್ಳಗೆ ಬಳಿದರೆ ಸಾಲದು. ದಪ್ಪಗಿರಬೇಕು, ಅಲಗು ಕಾಣಬಾರದು, ಅಷ್ಟು.

ಇನ್ನೊಂದು ತೊಡಕಿತ್ತು. ಆಯುಧಗಳಿಗೆ ವಿಭೂತಿ ಬಳಿಯುವುದು ಪದ್ಧತಿಯೇ, ಆದರೆ ಮೂರು ಬೆರಳಲ್ಲಿ ಒಂದು ಎಳೆ, ಅಷ್ಟೇ. ನಾನೋ ಭಾವಮೈದನೋ ಗಾರೆ ಹಾಗೆ ಮೆತ್ತಲು ಹೋದರೆ ಕೊಬ್ಬರಿಗೆ ಅನುಮಾನ ಬರುತ್ತದೆ, ಅಯ್ಯನವರನ್ನು ಕರೆದು ತೊಳೆಸುತ್ತಾನೆ. ಭಾವಮೈದನಿಗೆ ಹೇಳಲೂ ಭಯ. ಅವನ ಹೊಟ್ಟೆಯಲ್ಲಿರುವುದೆಲ್ಲ ಕನ್ನಡಕದಲ್ಲಿ ಕಾಣುತ್ತದೆ. ಹಾಗಾಗಿ ಯಾರಿಗೂ ಹೇಳಲಿಲ್ಲ. ಅಲಗಿಗೆ ಹರಿತ ಹಿಡಿದೆ, ಇಷ್ಟು ವರ್ಷದಲ್ಲಿ ಹಿಡಿದ ಎಲ್ಲ ಹರಿತಕ್ಕಿಂತ ಚೆನ್ನಾಗಿ. ಆಯುಧಪೂಜೆಯ ಬೆಳಿಗ್ಗೆ ಮನೆಯಾಕೆಯ ಜೊತೆ ಬಸ್ಸು ಹತ್ತಿದೆ.

ಗುಡಿಯಲ್ಲಿ ಕೊಬ್ಬರಿ ಆಗಲೇ ಚಾಪೆಯ ಮೇಲಿದ್ದ. ಬಿಳಿ ಜುಬ್ಬಾ, ಬೆರಳ ತುಂಬ ಉಂಗುರ. ನಾನು ಅಂಬನ್ನು ಪಂಚೆಯಿಂದ ಬಿಚ್ಚಿ ದೇವರ ಮುಂದೆ ಇಟ್ಟೆ. ಅಲಗು ಫಳಫಳ ಹೊಳೆಯಿತು.

"ಏನ್ ಬಾವ, ಈ ಸಲಾನೂ ಕನ್ನಡಿ ಮಾಡ್ಕಂಡ್ ಬಂದಿದ್ದೀರಾ? ಮೀಸೆ ನೋಡ್ಕಳಾಕಾ?"

"ನಿಂಗ್ ಮೀಸೆ ಇದ್ರೆ ನೋಡ್ಕಳಪ್ಪ." ಅವನಿಗೆ ಮೀಸೆ ಬರುವುದಿಲ್ಲ. ಎಲ್ಲರೂ ನಕ್ಕರು. ಅವನ ಮುಖ ಬಿಗಿದುಕೊಂಡಿತು. ನನಗೆ ಬೇಕಾಗಿದ್ದೂ ಅದೇ.

ಅಯ್ಯನವರು ವಿಭೂತಿ ಬಟ್ಟಲು ತಂದರು. ನಾನು ಎರಡೂ ಕೈ ಎತ್ತಿಬಿಟ್ಟೆ. "ಅಯ್ನೋರೇ, ನಾವ್ ಮುಟ್ಟಲ್ಲ. ಓದ್ ವರ್ಸ ನಾವ್ ಮುಟ್ಟಿದ್ದಕ್ಕೇ ಅಂಗಾಯ್ತು ಅಂತಾರೆ ಜನ. ದೊಡ್ಡೋನ ಮನೆಯೋನು ಇಲ್ಲೇ ಅವ್ನಲ್ಲ, ಅವ್ನೇ ಬಳೀಲಿ. ಆದ್ರೆ..." ಎಂದು ಕೊಬ್ಬರಿಯ ಕಡೆ ತಿರುಗಿ, ದನಿ ತಗ್ಗಿಸಿ, "ಒಸಿ ತೆಳ್ಳಗೆ ಬಳಿಯಪ್ಪ. ಅಂಚ್ನ ಮೇಲೆ ಬ್ಯಾಡ. ಇಬೂತಿ ಕೂತ್ರೆ ಹರಿತ ಮುಚ್ಚೋಯ್ತದೆ," ಎಂದೆ.

ಕೊಬ್ಬರಿಯ ಕಣ್ಣು ಒಂದು ಸಲ ಅಲಗಿನ ಮೇಲೆ ಹೋಗಿ, ನನ್ನ ಮೇಲೆ ಬಂತು. ಬಟ್ಟಲು ತೆಗೆದುಕೊಂಡ. ಒಂದು ಹಿಡಿ ವಿಭೂತಿಗೆ ನೀರು ಹಾಕಿ ರಾಗಿ ಮುದ್ದೆಯಷ್ಟು ಗಟ್ಟಿಯಾಗಿ ಕಲಸಿದ.

"ಏಯ್, ಅಷ್ಟೊಂದ್ ಬ್ಯಾಡ ಕಣೋ!"

"ದೇವ್ರ ಇಬೂತಿಗೆ ಲೆಕ್ಕ ಆಕ್ತೀರಾ ಬಾವ? ಪಾಪ ಬತ್ತದೆ." ಅವನು ಎಡ ಅಂಚಿಗೆ ಮೆತ್ತಿದ.

"ಅಯ್ಯೋ, ಅಂಚಿಗೆ ಬ್ಯಾಡ್ವೋ!"

ಬಲ ಅಂಚಿಗೂ ಮೆತ್ತಿದ. ನಾನು ತಲೆ ಮೇಲೆ ಕೈ ಹೊತ್ತುಕೊಂಡೆ. ಅವನು ಇನ್ನೊಂದು ಪದರ ಎಳೆದ. "ಸಾಕ್ ಕಣೋ, ನಿನ್ ದಮ್ಮಯ್ಯ!" ಎಂದೆ. ಮೂರನೆಯ ಪದರ. ಭಾವಮೈದ ನನ್ನ ತೋಳು ಹಿಡಿದುಕೊಂಡ.

"ಬಾವ, ಅಲಗೇ ಕಾಣ್ತಿಲ್ವಲ್ಲ ಬಾವ. ಬ್ಯಾಡ ಅನ್ನಿ ಬಾವ."

"ಅಂತಾ ಇಲ್ವೇನ್ಲಾ? ಕಿವಿ ಕೇಳಲ್ವಾ?" ಎಂದೆ. ಅವನ ಕಣ್ಣು ಒದ್ದೆಯಾಗಿದ್ದನ್ನು ನೋಡಿ ಒಂದು ಕ್ಷಣ ಹೇಳಿಬಿಡೋಣ ಎನಿಸಿತು. ತಡೆದುಕೊಂಡೆ. ಅಯ್ಯನವರು ಆ ಬಿಳಿ ಮುದ್ದೆ ಒಣಗಿದ ಮೇಲೆ ಅದಕ್ಕೆ ನಿಂಬೆಹಣ್ಣು ಚುಚ್ಚಿದರು. ಹತ್ತಿರ ಬಗ್ಗಿ ಕೇಳಿದ್ದರೆ ಅವರಿಗೂ ಬುಸಬುಸ ಕೇಳಿಸುತ್ತಿತ್ತು. ಅಷ್ಟು ಹೊತ್ತಿಗೆ ಗಂಟೆ ಬಾರಿಸಲು ಶುರು ಮಾಡಿದ್ದರು. ಗಂಟೆಯ ಹಗ್ಗ ಹಿಡಿದು ಜಗ್ಗುತ್ತಿದ್ದವನು ನಾನೇ.

ಮಾರನೆಯ ಸಂಜೆ ಬನ್ನಿ ಮರದ ಹತ್ತಿರ ಜನ ಸೇರಿದರು. ಬಾಳೆ ಕಂಬವನ್ನು ಕೊಬ್ಬರಿಯ ಕಡೆಯವರೇ ತಂದು ನೆಟ್ಟಿದ್ದರು. ತೋಟದಲ್ಲಿ ಹುಡುಕಿ ಹುಡುಕಿ ಅತಿ ದಪ್ಪದ್ದನ್ನೇ ತಂದಿದ್ದರು. ನನ್ನ ಎರಡು ತೋಳು ಸೇರಿಸಿದರೂ ತಬ್ಬಲಾಗದಷ್ಟು ಎಂದರೆ ಜಾಸ್ತಿಯಾಗುತ್ತದೆ, ಒಂದು ತೋಳಿಗೆ ಮಾತ್ರ ಸಿಕ್ಕುತ್ತಿರಲಿಲ್ಲ. ಭಾವಮೈದ ಪೇಟ ಕಟ್ಟಿಕೊಂಡು ಬಂದ. ಕಿವಿಯವರೆಗೂ ಇಳಿದ ಪೇಟ ಕನ್ನಡಕದ ಕಡ್ಡಿಯನ್ನು ಎತ್ತಿ ಹಿಡಿದಿತ್ತು. ಅವನ ಅಕ್ಕ, ಎಂದರೆ ನನ್ನ ಮನೆಯಾಕೆ, ಜನರ ನಡುವಿನಿಂದ ಹೋಗಿ ಪೇಟವನ್ನು ಹಿಂದಕ್ಕೆ ಸರಿಸಿ, "ಅಪ್ಪನ್ ತಲೆ ದಪ್ಪ ಇತ್ತು ಕಣೋ. ಅದ್ರೊಳ್ಗೇನಿತ್ತೋ ಅದು ನಿನ್ ತಲೇಲೂ ಅದೆ. ಹೊಡಿ," ಎಂದು ಹೇಳಿ ಬಂದಳು.

ಅಯ್ಯನವರು ನಿಂಬೆಹಣ್ಣು ಕಿತ್ತು ತೆಗೆದು, ತಂಬಿಗೆಯ ನೀರನ್ನು ಅಂಬಿನ ಮೇಲೆ ಸುರಿದು ಮಡಿವಸ್ತ್ರದಿಂದ ಒರೆಸಿದರು. ವಿಭೂತಿ ಹಾಲಿನ ಹಾಗೆ ಇಳಿಯಿತು. ಒಳಗಿನಿಂದ ಅಲಗು ಹೊರಬಂತು. ನಾನು ದೂರದಿಂದಲೇ ನೋಡಿದೆ, ಅಂಚಿನಲ್ಲಿ ಒಂದು ಬೆಳಕಿನ ಗೆರೆ, ಬುಡದಿಂದ ತುದಿಯವರೆಗೆ ಎಲ್ಲೂ ತುಂಡಾಗದ ಗೆರೆ. ಆಗ ನನ್ನ ಕಾಲು ನೆಲದ ಮೇಲೆ ನಿಂತಿತು.

ಭಾವಮೈದ ಬಿಲ್ಲೆತ್ತಿದ. ಕೊಬ್ಬರಿ ಕೆಮ್ಮಲು ಗಂಟಲು ಸರಿ ಮಾಡಿಕೊಳ್ಳುತ್ತಿದ್ದ. ನಾನು ಅವನ ಪಕ್ಕದಲ್ಲೇ ನಿಂತಿದ್ದೆ, ಅವನ ಹೆಗಲ ಮೇಲೆ ಕೈ ಹಾಕಿ, "ಕೆಮ್ಮಿದ್ರೆ ನಿನ್ ಜುಬ್ಬದೊಳಕ್ಕೆ ಓತಿಕ್ಯಾತ ಬುಡ್ತೀನಿ, ಜೇಬಲ್ಲೇ ಐತೆ," ಎಂದು ಕಿವಿಯಲ್ಲಿ ಹೇಳಿದೆ. ಅವನಿಗೆ ನನ್ನ ಜೇಬುಗಳ ಚರಿತ್ರೆ ಗೊತ್ತು. ಕೆಮ್ಮು ನುಂಗಿಕೊಂಡ.

ಹೆದೆ ಟಪ್ ಎಂದಿತು. ಅಂಬು ಹೋಗಿದ್ದು ನನಗೆ ಕಾಣಲಿಲ್ಲ. ಬಾಳೆ ಕಂಬದಿಂದ ಒದ್ದೆ ಬಟ್ಟೆ ಸೀಳಿದಂಥ ಸದ್ದು ಬಂತು, ಅಷ್ಟೇ. ಕಂಬದ ಹಿಂದಿನ ಕಡೆ ನಿಂತಿದ್ದ ಹೆಂಗಸರು ಮೊದಲು ಕೂಗಿದರು. ಓಡಿಹೋಗಿ ನೋಡಿದರೆ ಅಲಗು ಪೂರಾ ಆಚೆಗೆ ಬಂದು, ಅದರ ತುದಿಯಿಂದ ಬಾಳೆಯ ನೀರು ತೊಟ್ಟಿಕ್ಕುತ್ತಿತ್ತು. ಯಜಮಾನರು ಅಲಗು ಮುಟ್ಟಿ ನೋಡಿ ಕೈ ಹಿಂದಕ್ಕೆ ಎಳೆದುಕೊಂಡರು. ಬೆರಳಲ್ಲಿ ಒಂದು ಕೆಂಪು ಗೆರೆ ಎದ್ದಿತ್ತು.

"ಬಿಲ್ಲು ಎಲ್ಲೂ ಓಗಲ್ಲ," ಎಂದರು, ಬೆರಳು ಚೀಪುತ್ತಾ.

ಭಾವಮೈದ ಬಿಲ್ಲು ಹಿಡಿದುಕೊಂಡು ನಿಂತ ಜಾಗದಲ್ಲೇ ನಿಂತಿದ್ದ. ಆಮೇಲೆ ಕೂಗಿದ, "ಬಾವ! ಓಯ್ತಾ?" ಆ ದನಿ ಬನ್ನಿ ಮರದ ಆಚೆಯ ರಸ್ತೆಗೂ ಕೇಳಿಸಿತು. ಅವನಿಗೆ ಅಷ್ಟು ದೊಡ್ಡ ದನಿ ಇದೆ ಎಂದು ಆವತ್ತೇ ಗೊತ್ತಾಗಿದ್ದು.

ನಾನು ಉತ್ತರ ಕೊಡುವಷ್ಟರಲ್ಲಿ ಕೊಬ್ಬರಿ ಜನರನ್ನು ಸರಿಸಿಕೊಂಡು ಮುಂದೆ ಬಂದ. ಕಂಬ ನೋಡಿದ, ಅಲಗು ನೋಡಿದ, ಎರಡೂ ಕೈ ಮೇಲೆತ್ತಿದ. ಉಂಗುರದ ಸಂದಿಯಲ್ಲಿ ಹಿಂದಿನ ದಿನದ ವಿಭೂತಿ ಇನ್ನೂ ಬೆಳ್ಳಗಿತ್ತು.

"ನೋಡ್ರಪ್ಪಾ! ಅಂಬು ಕೆಡ್ತದೆ, ತೆಳ್ಳಗೆ ಬಳಿ ಅಂದ್ರು ಬಾವ. ನಾನ್ ಕೇಳ್ಲಿಲ್ಲ. ನಂಬ್ಕೆ ಇಟ್ಟು ಮೂರ್ ಪದ್ರ ಬಳ್ದೆ. ಇದು ಇಬೂತಿ ಮಹಿಮೆ ಕಣ್ರಯ್ಯಾ, ಇಬೂತಿ ಮಹಿಮೆ!"

ಜನ ಹೌದೌದು ಎಂದರು. ಅಯ್ಯನವರಿಗೆ ಮೈಮೇಲೆ ಮುಳ್ಳೆದ್ದಿತ್ತು. ಯಜಮಾನರು ಅಲ್ಲೇ ಇನ್ನೊಂದು ತೀರ್ಮಾನ ಮಾಡಿಬಿಟ್ಟರು. ಇನ್ನು ಮುಂದೆ ಅಂಬು ಹೊಡೆಯುವುದು ಚಿಕ್ಕವನ ಮನೆಯ ಹಕ್ಕು, ಅದಕ್ಕೆ ವಿಭೂತಿ ಬಳಿಯುವುದು ದೊಡ್ಡವನ ಮನೆಯ ಹಕ್ಕು. ಅಣ್ಣ ತಮ್ಮ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಭಾವಮೈದನ ಪೇಟ ಕೊಬ್ಬರಿಯ ಹೆಗಲ ಮೇಲೆ ಬಿತ್ತು, ಅವನೇ ಅದನ್ನು ಎತ್ತಿ ತಮ್ಮನ ತಲೆಗೆ ಕಟ್ಟಿದ. ನಾನು ಒಂದು ಮಾತೂ ಆಡದೆ, ಬಾಯಿ ಮುಚ್ಚಿಕೊಂಡು, ಬನ್ನಿ ಎಲೆ ಹಂಚುತ್ತಾ ನಿಂತಿದ್ದೆ. ಅಣ್ಣತಮ್ಮಂದಿರು ಒಂದಾದರಲ್ಲ, ನನ್ನ ಹೆಸರು ಯಾಕೆ ಎಂದುಕೊಂಡೆ.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಸುಳ್ಳು ಇದೊಂದೇ. ನಿಂಬೆಹಣ್ಣು ನಿಜ, ನೊರೆ ನಿಜ, ಮೂರು ಪದರ ನಿಜ, ಜೇಬಿನ ಓತಿಕ್ಯಾತವೂ ನಿಜ. ನಾನು ಬಾಯಿ ಮುಚ್ಚಿಕೊಂಡಿದ್ದೆ ಎಂಬುದು ಮಾತ್ರ ಕಟ್ಟಿದ್ದು. ಬಾಯಿ ಮುಚ್ಚಿಕೊಳ್ಳುವುದೇ! ಅವತ್ತೇ ರಾತ್ರಿ ಊಟದ ಪಂಕ್ತಿಯಲ್ಲಿ, ಮೊದಲ ಎಲೆಯಿಂದ ಕೊನೆಯ ಎಲೆಯವರೆಗೆ ಎಲ್ಲರಿಗೂ ಕೇಳುವ ಹಾಗೆ, ಈಳಿಗೆಮಣೆಯಿಂದ ಹಿಡಿದು ಗಂಟೆಯ ಹಗ್ಗದವರೆಗೆ ಎಲ್ಲವನ್ನೂ ಬಿಡಿಸಿ 'ಇದೆಲ್ಲಾ ನನ್ನ ಕೆಲಸ' ಎಂದು ಹೇಳಿದೆ. ಹೋಳಿಗೆ ಬಡಿಸುತ್ತಿದ್ದ ಕೊಬ್ಬರಿ ನಿಂತು ಪೂರಾ ಕೇಳಿಸಿಕೊಂಡ. ಆಮೇಲೆ ನನ್ನ ಎಲೆಗೆ ಎರಡು ಹೋಳಿಗೆ ಜಾಸ್ತಿ ಹಾಕಿ, "ತಿನ್ನಿ ಬಾವ, ತಿನ್ನಿ. ಇಷ್ಟ್ ಬುರುಡೆ ಬುಟ್ರೆ ಅಸಿವಾಗ್ದೆ ಇರ್ತದಾ?" ಎಂದ.